ತವರ ಕರಗಿ ಸೀಸ ಕರಗದ ಹದ

೧೧ ಡಿಸೆಂಬರ್ ೧೯೭೩, ಮಂಗಳವಾರ

ಕಾಲು ಮುರಿದುಕೊಂಡು ಜಗಲಿಯಲ್ಲಿ ಕೂತವಳಿಗೆ ಬೈಯಲು ಯಾರೂ ಸಿಗದಿದ್ದರೆ ಬರೆಯುವುದೊಂದೇ ದಾರಿ. ಹೊಗೆಸೊಪ್ಪು ಕೊಳ್ಳುವ ಕಂಪನಿಯವರು ಕೊಟ್ಟ ಡೈರಿ ಖಾಲಿ ಬಿದ್ದಿತ್ತು. ಲೋಯರ್ ಸೆಕೆಂಡರಿ ಪಾಸು ಮಾಡಿದ್ದು ಇಷ್ಟಕ್ಕಾದರೂ ಬರಲಿ ಎಂದು ಹಿಡಿದಿದ್ದೇನೆ.

ದೀಪಾವಳಿಗೆ ಮುಂಚೆ ಹೊಗೆಸೊಪ್ಪಿನ ಎಲೆ ಬೇಯಿಸುವ ಬ್ಯಾರನ್ನಿನೊಳಗೆ ಗಳುವಿನ ಮೇಲಿಂದ ಜಾರಿ ಬಿದ್ದೆ. ಆಳುಗಳು ಇಳಿಸುತ್ತಿದ್ದರು, ನನಗೇಕೆ ಬೇಕಿತ್ತು? ಇವರು ಹೋದ ಮೇಲೆ ಆರು ವರ್ಷದಿಂದ ಬೇಸಾಯವೂ ಬ್ಯಾರನ್ನೂ ನನ್ನದೇ ಯಜಮಾನಿಕೆ, ನಾನು ಮುಟ್ಟದಿದ್ದರೆ ಎಲೆಗೆ ಬಣ್ಣ ಬರುವುದಿಲ್ಲ ಎಂಬ ಜಂಬ. ಈಗ ಕಟ್ಟು ಬಿಚ್ಚಿದ್ದಾರೆ, ಒಂದು ಕೋಲು ಕೊಟ್ಟಿದ್ದಾರೆ. ಇನ್ನು ಮುಂದೆ ಇದೇ ಮೂರನೆಯ ಕಾಲು, ತಾಯಿ ಎಂದು ಡಾಕ್ಟರು ನಗುತ್ತಾ ಹೇಳಿದರು. ನನಗೆ ನಗು ಬರಲಿಲ್ಲ.

ಜಗಲಿಯಿಂದ ಕಾಣುವುದು ಮೂರು: ಗಾವಡಗೆರೆ ರಸ್ತೆ, ಇವರು ಕಟ್ಟಿಸಿದ ಹಳೆಯ ಚಿಕ್ಕ ಬ್ಯಾರನ್ನು, ಮತ್ತು ಸೊಸೆ. ಸೊಸೆ ಸರ್ವಮಂಗಳ, ಮೈಸೂರಿನವಳು, ಎಂ.ಎಸ್ಸಿ. ಓದಿದ್ದಾಳೆ. ಮುದ್ದೆ ಮಾತ್ರ ಇನ್ನೂ ಗಂಟುಗಂಟು.

೧೬ ಡಿಸೆಂಬರ್, ಭಾನುವಾರ

ಮಗ ನಂಜುಂಡಸ್ವಾಮಿ ಕೆ.ಆರ್. ನಗರದಿಂದ ಬಂದಿದ್ದ. ಅಲ್ಲಿ ನಾಲೆಯ ಓವರ್‌ಸಿಯರ್ ಕೆಲಸ, ವಾರಕ್ಕೊಮ್ಮೆ ಮುಖ ತೋರಿಸುತ್ತಾನೆ. ಊಟಕ್ಕೆ ಕೂತಾಗ ಗಂಡ ಹೆಂಡತಿ ಕಣ್ಣಲ್ಲೇ ಮಾತಾಡಿಕೊಳ್ಳುತ್ತಿದ್ದರು. ಏನೋ ಇದೆ ಎಂದು ನಾನು ಉಪ್ಪಿನಕಾಯಿ ನೆಕ್ಕುತ್ತಾ ಕಾದೆ.

ವಿಷಯ ಇಷ್ಟು. ಮದುವೆಗೆ ಮುಂಚೆ ಸೊಸೆ ಮೈಸೂರಿನಲ್ಲಿ ಪ್ರೊಫೆಸರ್ ನೀಲಕಂಠಸ್ವಾಮಿ ಎನ್ನುವವರ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದಳು. ಅರ್ಧಕ್ಕೆ ಬಿಟ್ಟು ನಮ್ಮನೆಗೆ ಬಂದಳು. ಈಗ ಅವರ ಹತ್ತಿರ ಸಹಾಯಕರ ಜಾಗ ಒಂದು ಖಾಲಿ ಇದೆಯಂತೆ. ತೋರಿಸಲು ಏನಾದರೂ ಇದ್ದರೆ ಜಾಗ ನಿನಗೆ, ಇಲ್ಲದಿದ್ದರೆ ಬೇರೆಯವರಿಗೆ ಎಂದು ಬರೆದಿದ್ದಾರೆ. ತೋರಿಸಬೇಕಾದರೆ ಇಲ್ಲೇ ಏನಾದರೂ ಮಾಡಬೇಕು. ಅದಕ್ಕೆ ಹಳೆಯ ಬ್ಯಾರನ್ನು ಬೇಕು.

ಏನು ಮಾಡುತ್ತೀ ಅಲ್ಲಿ ಎಂದೆ. ಬ್ಯಾರನ್ನಿನ ಚಿಮಣಿಯಲ್ಲಿ ಹೋಗುವ ಹೊಗೆಯಲ್ಲಿ ಇಂಗಾಲದ ಒಂದು ಗಾಳಿ ಇರುತ್ತದೆ, ಅದು ಉರಿದು ಮುಗಿದದ್ದು, ಅದನ್ನು ಮತ್ತೆ ಉರಿಯುವ ಗಾಳಿಯಾಗಿ ತಿರುಗಿಸುತ್ತೇನೆ ಎಂದಳು. ಬೂದಿಯನ್ನು ಸೌದೆ ಮಾಡುತ್ತೇನೆ ಅಂದ ಹಾಗಾಯಿತು. ಹುಣಸೂರಿನಲ್ಲಿ ಸೀಮೆಎಣ್ಣೆಗೆ ಬೆಳಗಿನಿಂದ ಸಾಲು ನಿಲ್ಲುವ ಕಾಲದಲ್ಲಿ ಇವಳಿಗೆ ಇಂಥ ಹುಚ್ಚು.

ಅದೇ ಬ್ಯಾರನ್ನನ್ನು ನನ್ನ ಮೈದುನ ಕರಿಯಪ್ಪ ಮುಂದಿನ ಬೆಳೆಗೆ ಕೇಳಿದ್ದಾನೆ. ಮಗನ ಮುಖ ನೋಡಿ ಶಿವರಾತ್ರಿಯವರೆಗೆ ಇಟ್ಟುಕೋ ಎಂದೆ. ಶಿವರಾತ್ರಿಯ ದಿನ ಬೀಗದ ಕೈ ಕರಿಯಪ್ಪನಿಗೆ. ಆಮೇಲೆ ಗೊಣಗಬಾರದು, ಸಂಶೋಧನೆಯ ಮಾತೂ ಎತ್ತಬಾರದು. ಒಪ್ಪಿದಳು.

೨೭ ಡಿಸೆಂಬರ್, ಗುರುವಾರ

ಸೊಸೆ ಮೈಸೂರಿನಿಂದ ಒಂದು ಮರದ ಪೆಟ್ಟಿಗೆ ತಂದಳು. ಸೀಸೆ, ರಬ್ಬರ್ ನಳಿಗೆ, ಒಂದು ಉದ್ದನೆಯ ಕಬ್ಬಿಣದ ಕೊಳವೆ. ಒಂದು ಪುಟ್ಟ ಬಾಟಲಿಯನ್ನು ಮಾತ್ರ ಮಗುವನ್ನು ಎತ್ತಿಕೊಂಡ ಹಾಗೆ ಸೆರಗಿನಲ್ಲಿ ಸುತ್ತಿ ತಂದಿದ್ದಳು. ಒಳಗೆ ಹಸಿರು ಹರಳು. ನಿಕ್ಕಲ್ ಎಂಬ ಲೋಹದ ಉಪ್ಪಂತೆ. ಹೊರದೇಶದಿಂದ ಬರುವುದು, ಮುಗಿದರೆ ಇನ್ನೊಂದು ಸಿಗುವುದು ಬೇಸಿಗೆ ಕಳೆದ ಮೇಲೆಯೇ.

ಈ ನಿಕ್ಕಲ್ ಏನು ಮಾಡುತ್ತದೆ ಎಂದು ಕೇಳಿದೆ. ಹೊತ್ತು ಹೋಗಬೇಕಲ್ಲ. ಮದುವೆಯ ದಲ್ಲಾಳಿ ಇದ್ದ ಹಾಗೆ ಎಂದಳು. ಇಂಗಾಲದ ಗಾಳಿ ಮತ್ತು ಜಲಜನಕ ಎಂಬ ಇನ್ನೊಂದು ಗಾಳಿ ಸುಮ್ಮನೆ ಒಂದಾಗುವುದಿಲ್ಲ, ನಿಕ್ಕಲ್ ಇಬ್ಬರನ್ನೂ ಕೂಡಿಸುತ್ತದೆ, ತಾನು ಮಾತ್ರ ಹೇಗಿತ್ತೋ ಹಾಗೇ ಉಳಿಯುತ್ತದೆ.

"ನಿನ್ನ ಮದ್ವೆ ದಲ್ಲಾಳಿ ಅಂಗೇ ಉಳೀನಿಲ್ಲ ಕಣವ್ವ. ಜರಿ ಪಂಚೆ ಇಸ್ಕಂಡು, ವಾರ ನಮ್ಮನೇಲೇ ಉಂಡು, ದಪ್ಪ ಆಗಿ ಓದ" ಎಂದೆ.

ಸೊಸೆ ಬಾಯಿ ಮುಚ್ಚಿಕೊಂಡು ನಕ್ಕಳು. ಈ ಮನೆಯಲ್ಲಿ ಅವಳು ಹೀಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ.

೬ ಜನವರಿ ೧೯೭೪, ಭಾನುವಾರ

ಕಾಲು ನೋವು. ಕೋಲು ಊರಿಕೊಂಡು ಬ್ಯಾರನ್ನಿನ ಬಾಗಿಲವರೆಗೆ ಹೋಗಿ ಬಂದೆ, ಏನು ಕೆಡಿಸುತ್ತಿದ್ದಾಳೋ ನೋಡೋಣ ಎಂದು.

ಕೆಡಿಸಿಲ್ಲ. ಗುಡಿಸಿ, ಸಾರಿಸಿ, ಹಳೆಯ ಒಲೆಯ ಬಾಯಲ್ಲಿ ಮಣ್ಣಿನ ಒಂದು ಸಣ್ಣ ಗೂಡು ಕಟ್ಟಿದ್ದಾಳೆ. ಕಬ್ಬಿಣದ ಕೊಳವೆ ಅದರ ನಡುವೆ ಹಾದು ಹೋಗುತ್ತದೆ. ಒಂದು ಸೀಸೆಯಲ್ಲಿ ಸುಣ್ಣದ ಕಲ್ಲಿಗೆ ಆಮ್ಲ ಹಾಕಿದರೆ ಇಂಗಾಲದ ಗಾಳಿ, ಇನ್ನೊಂದರಲ್ಲಿ ಸತುವಿಗೆ ಆಮ್ಲ ಹಾಕಿದರೆ ಜಲಜನಕ. ಚಿಮಣಿಯ ಹೊಗೆ ಎಲ್ಲಿ ಎಂದೆ. ಹೊಗೆಯಲ್ಲಿ ಹತ್ತೆಂಟು ಕಲಬೆರಕೆ ಅತ್ತೆಮ್ಮ, ಮೊದಲು ಶುದ್ಧವಾದ ಗಾಳಿಯಲ್ಲಿ ಆಗಲಿ, ಹೊಗೆ ಆಮೇಲೆ ಎಂದಳು.

ನಾನು ಬೇಸಾಯದವಳು, ಕೇಳಬೇಕಾದ್ದನ್ನು ಕೇಳಿದೆ. ಸತುವಿಗೆ ಆಮ್ಲಕ್ಕೆ ಆಗುವ ಖರ್ಚಿನಷ್ಟು ಉರಿ ವಾಪಸ್ಸು ಬರುತ್ತದೆಯೇ? ಇಲ್ಲ ಎಂದಳು, ಥಟ್ಟನೆ. ಈಗಂತೂ ಬರುವುದಿಲ್ಲ. ಜಲಜನಕವನ್ನು ಮುಂದೊಂದು ಕಾಲಕ್ಕೆ ನೀರಿನ ಕರೆಂಟಿನಿಂದಲೋ ಬಿಸಿಲಿನಿಂದಲೋ ಅಗ್ಗವಾಗಿ ಮಾಡಿದರೆ ಆಗ ಬರುತ್ತದೆ. ಈಗ ತೋರಿಸಬೇಕಾದ್ದು ನಮ್ಮ ಕೆರೆಯ ಮಣ್ಣಿನಲ್ಲಿ ನಿಕ್ಕಲ್ ಕೂತು ಕೆಲಸ ಮಾಡುತ್ತದೆ ಎಂಬುದೊಂದನ್ನೇ.

ಬೇರೆ ಯಾರಾದರೂ ಆಗಿದ್ದರೆ ಬ್ಯಾರನ್ನು ಕೊಟ್ಟವಳ ಮುಂದೆ ನಾಲ್ಕು ಸುಳ್ಳು ಸೇರಿಸುತ್ತಿದ್ದರು. ಇವಳು ಸೇರಿಸಲಿಲ್ಲ. ನನಗೆ ಅದು ಹಿಡಿಸಿತು, ಬರೆದೇ ಬಿಡುತ್ತೇನೆ.

೧೪ ಜನವರಿ, ಸೋಮವಾರ, ಸಂಕ್ರಾಂತಿ

ಎಳ್ಳು ಬೀರಿದ್ದು ಬೇಗ ಮುಗಿಯಿತು. ಮಧ್ಯಾಹ್ನವೆಲ್ಲ ಮಣ್ಣು ಉಂಡೆ ಕಟ್ಟಿದೆವು.

ಕೆರೆಯ ಜೇಡಿಗೆ ಪುಡಿ ಮಾಡಿದ ಭತ್ತದ ಹೊಟ್ಟು ಕಲಸಿ ಕಡಲೆಕಾಳಿನಷ್ಟು ಸಣ್ಣ ಉಂಡೆ. ಸುಟ್ಟಾಗ ಹೊಟ್ಟು ಉರಿದು ಹೋಗಿ ಅದಿದ್ದ ಜಾಗ ಖಾಲಿ ಉಳಿಯುತ್ತದಂತೆ. ಒಂದು ಉಂಡೆಯೊಳಗೆ ಕಣ್ಣಿಗೆ ಕಾಣದ ಸಾವಿರಾರು ಕೋಣೆ, ಆ ಕೋಣೆಗಳ ಗೋಡೆಗೆಲ್ಲ ನಿಕ್ಕಲ್ ಮೆತ್ತಿಕೊಳ್ಳಬೇಕು, ಗಾಳಿ ಒಳಗೆ ಹೊಕ್ಕು ಹೊರಗೆ ಬರಬೇಕು. ಮಂಗಳ ಹೀಗೆ ಹೇಳುವಾಗ ಅವಳ ಕಣ್ಣು ನೋಡಬೇಕು. ತವರಿನ ಸುದ್ದಿ ಹೇಳುವಾಗಲೂ ಅಷ್ಟು ಹೊಳೆಯುವುದಿಲ್ಲ.

ಅವಳು ಒಂದು ಕಟ್ಟುವಷ್ಟರಲ್ಲಿ ನಾನು ಐದು ಕಟ್ಟಿದೆ. ಕೆಲಸಕ್ಕಿರುವ ಬೊಮ್ಮಮ್ಮ ನಾಲ್ಕು. ಬೊಮ್ಮಮ್ಮ ವೀರನಹೊಸಹಳ್ಳಿ ಕಡೆಯ ಕಾಡಂಚಿನ ಹಾಡಿಯವಳು, ನಮ್ಮ ಹಿತ್ತಲ ಗುಡಿಸಲಿನಲ್ಲೇ ಇದ್ದಾಳೆ. ಇಷ್ಟು ಚಿಕ್ಕ ಮುದ್ದೆ ಯಾವ ದೇವರಿಗೆ ಅವ್ವೋರೆ ಎಂದು ಕೇಳಿದಳು.

೧೯ ಜನವರಿ, ಶನಿವಾರ

ಉಂಡೆಗಳನ್ನು ನಿನ್ನೆ ಕುಂಬಾರರ ಆವಿಗೆಯಲ್ಲಿ ಸುಟ್ಟು ತಂದಾಯಿತು. ಒಂದು ಮಂಕರಿ ತುಂಬ, ಹವಳದ ಬಣ್ಣ. ನಿಕ್ಕಲ್ ನೀರಿಗೆ ಹಾಕುವುದೊಂದು ಬಾಕಿ. ಅಷ್ಟರಲ್ಲಿ ಆಮ್ಲ ತರಲು ಮಂಗಳ ಬೆಳಗ್ಗೆ ಮೈಸೂರಿಗೆ ಹೋದಳು.

ಪಾಪ, ಹುಡುಗಿ ಒಬ್ಬಳೇ ಎಷ್ಟು ಒದ್ದಾಡುತ್ತಾಳೆ ಎನಿಸಿತು. ಓದಿದವಳು ನಿಜ, ಆದರೆ ಮನೆಯ ಹೊಸ ಮಣ್ಣಿನ ಪಾತ್ರೆಯನ್ನು ನೇರ ಒಲೆಗೆ ಇಡುವವಳಲ್ಲವೇ ಇವಳು? ಬಂದ ಹೊಸತರಲ್ಲಿ ನನ್ನ ಒಂದು ಮಡಕೆ ಹಾಗೇ ಬಿರುಕು ಬಿಟ್ಟಿತು. ಹಾಗಾಗಿ ನಾನೇ ಕೂತು ಉಂಡೆಗಳನ್ನೆಲ್ಲ ಪಳಗಿಸಿದೆ. ಅಕ್ಕಿಯ ಗಂಜಿಯಲ್ಲಿ ಹಾಕಿ ಚೆನ್ನಾಗಿ ಕುದಿಸಿ, ಒಣಗಿಸಿ, ಅಂಗೈಗೆ ಹರಳೆಣ್ಣೆ ಹಚ್ಚಿಕೊಂಡು ಹಿಡಿಹಿಡಿಯಾಗಿ ಉಜ್ಜಿ, ಬಿಸಿಲಿಗೆ ಹರವಿದೆ. ಸಂಜೆಗೆ ಒಳ್ಳೆ ಮಿರಿಮಿರಿ ಮಿಂಚುತ್ತಿದ್ದವು. ಇನ್ನು ಎಂಥ ಬೆಂಕಿಗೂ ಒಡೆಯುವುದಿಲ್ಲ.

ಹೇಳಲಿಲ್ಲ. ಮಾಡಿದ್ದನ್ನೆಲ್ಲ ಹೇಳಿಕೊಂಡು ತಿರುಗುವ ಅತ್ತೆ ನಾನಲ್ಲ.

೨೪ ಜನವರಿ, ಗುರುವಾರ

ಉರಿಯಿತು! ಕೊಳವೆಯ ತುದಿಯಲ್ಲಿ ಉರಿಯಿತು! ತೆಳ್ಳಗೆ, ಹಗಲು ಬೆಳಕಿನಲ್ಲಿ ಕಾಣದಷ್ಟು ತೆಳ್ಳಗೆ. ನಾನೇ ಕೈ ಹಿಡಿದು ಬಿಸಿ ನೋಡಿದೆ. ಬೊಮ್ಮಮ್ಮನನ್ನು ಕಳಿಸಿ ಕರಿಯಪ್ಪನನ್ನು ಕರೆಸಿದೆ, ಅಕ್ಕಪಕ್ಕದವರು ಬಂದರು. ಎಲ್ಲರಿಗೂ ಬೆಲ್ಲ ಕೊಟ್ಟೆ. ಮಂಗಳ ಒಬ್ಬಳು ಬೆಲ್ಲ ತೆಗೆದುಕೊಳ್ಳಲಿಲ್ಲ, ನಾಳೆ ನೋಡೋಣ ಅತ್ತೆಮ್ಮ ಎಂದಳು. ಜಂಬವಿಲ್ಲದ ಹುಡುಗಿ.

೨೫ ಜನವರಿ, ಶುಕ್ರವಾರ

ಬೆಲ್ಲ ಹಂಚಿದ್ದು ದಂಡ.

ನಿನ್ನೆ ಉರಿದದ್ದು ಬರೀ ಜಲಜನಕ. ಒಂದು ಕಡೆಯಿಂದ ಹೋದದ್ದು ಇನ್ನೊಂದು ಕಡೆಯಿಂದ ಹಾಗೇ ಬಂದು ಉರಿದಿದೆ, ಕೊಳವೆಯೊಳಗೆ ಏನೂ ಆಗಿಲ್ಲ. ಇದನ್ನು ಕಂಡುಹಿಡಿದದ್ದು ಮಂಗಳಳೇ, ಯಾರೂ ಕೇಳದೆ. ಒಂದಾಗದೆ ಉಳಿದ ಇಂಗಾಲದ ಗಾಳಿಯನ್ನು ಕ್ಷಾರದ ನೀರಿನ ಸೀಸೆಯಲ್ಲಿ ತಡೆದು, ಉರಿಯ ಮೇಲೆ ಒಂದು ಗಾಜಿನ ಜಾಡಿ ಕವುಚಿ ಹಿಡಿದಳು. ಆಮೇಲೆ ಅದರೊಳಗೆ ಸುಣ್ಣದ ತಿಳಿನೀರು ಹಾಕಿ ಕುಲುಕಿದಳು. ಉರಿದ ಗಾಳಿಯಲ್ಲಿ ಇಂಗಾಲ ಇದ್ದಿದ್ದರೆ ತಿಳಿನೀರು ಹಾಲಿನಂತೆ ಬೆಳ್ಳಗಾಗಬೇಕು. ಬೇಕಾದರೆ ನಿಮ್ಮ ಉಸಿರು ಊದಿ ನೋಡಿ ಎಂದು ಒಂದು ನಳಿಗೆ ಕೊಟ್ಟಳು. ಊದಿದೆ, ಬೆಳ್ಳಗಾಯಿತು. ಜಾಡಿಯದು ಮಾತ್ರ ಬಾವಿಯ ನೀರಿನ ಹಾಗೆ ತಿಳಿಯಾಗಿಯೇ ಇತ್ತು.

ನಾನಾಗಿದ್ದರೆ ಬಾಯಿ ಮುಚ್ಚಿಕೊಂಡು ಇರುತ್ತಿದ್ದೆ. ಊರಿಗೆ ಊರೇ ನೋಡಿ ಹೋಗಿದೆ, ಯಾರಿಗೆ ಗೊತ್ತಾಗುತ್ತಿತ್ತು? ಹಾಗೆಂದು ಹೇಳಿಯೂ ಬಿಟ್ಟೆ. ನನಗೆ ಗೊತ್ತಲ್ಲ ಅತ್ತೆಮ್ಮ ಎಂದಳು.

ಆಮೇಲೆ ಕೊಳವೆ ಬಿಚ್ಚಿ ಉಂಡೆಗಳನ್ನು ಸುರಿದಳು. ನಿಕ್ಕಲ್‌ನ ಕಪ್ಪು ಪುಡಿ ಹೊರಗಡೆಯೇ ಉದುರಿತು. ಒಂದನ್ನು ಒಡೆದರೆ ಒಳಗೆ ನಿಕ್ಕಲ್‌ನ ಸುಳಿವೇ ಇಲ್ಲ. ಮಂಕರಿಯಿಂದ ಇನ್ನೊಂದು ಉಂಡೆ ತೆಗೆದು ನಾಲಿಗೆಗೆ ಒತ್ತಿಕೊಂಡಳು. ಒಳಗೆ ಕೋಣೆಗಳಿದ್ದರೆ ಅದು ನೀರು ಹೀರಿ ನಾಲಿಗೆಗೆ ಅಂಟಿಕೊಳ್ಳಬೇಕಂತೆ. ಅಂಟಲಿಲ್ಲ, ಜಾರಿತು. ಅವಳ ಮುಖ ಸಣ್ಣಗಾಯಿತು. ನಮ್ಮ ಮಣ್ಣೇ ಸರಿಯಿಲ್ಲವೇನೋ, ಕೆರೆಯ ಮಣ್ಣಿನಲ್ಲಿ ಇದು ಆಗುವುದಿಲ್ಲ ಎಂದು ಸರ್ ಹೇಳಿದ್ದೇ ನಿಜವೇನೋ ಎಂದಳು. ಹಸಿರು ಹರಳು ಅರ್ಧ ಬಾಟಲಿ ಹೋಗಿದೆ.

ಆಮೇಲೆ ಉಂಡೆಯನ್ನು ಮೂಗಿಗೆ ಹಿಡಿದಳು. ಮತ್ತೆ ಹಿಡಿದಳು.

"ಅತ್ತೆಮ್ಮ, ಇದಕ್ಕೆ ಹರಳೆಣ್ಣೆ ಸವರಿದ್ರಾ?"

"ಊ ಕಣವ್ವ. ಗಂಜೀಲಿ ಕುದ್ಸಿ, ಎಣ್ಣೆ ಉಜ್ಜಿ ಒಣಗಾಕ್ದೆ. ವಸ ಮಣ್ಣ ಪಳಗಿಸ್ದೆ ಯಾರಾರ ಒಲೆಗಿಡ್ತಾರಾ?"

ಮಂಗಳ ನೆಲದ ಮೇಲೆ ಕೂತುಬಿಟ್ಟಳು. ನಗಲು ಶುರು ಮಾಡಿದಳು. ಎಷ್ಟು ನಕ್ಕಳೆಂದರೆ ಕಣ್ಣಲ್ಲಿ ನೀರು ಬಂತು, ಆ ನೀರು ಆಮೇಲೆ ನಗುವಿನದ್ದಾಗಿ ಉಳಿಯಲಿಲ್ಲ. ನಿಮ್ಮ ಕಾಲಿಗೆ ಹಚ್ಚಿ ಹಚ್ಚಿ ಇಡೀ ಮನೆಯೇ ಹರಳೆಣ್ಣೆ ನಾರುತ್ತದಲ್ಲ, ಅದಕ್ಕೇ ನನಗೆ ಗೊತ್ತಾಗಲಿಲ್ಲ ಎಂದಳು. ಮಡಕೆ ಪಳಗಿಸುವುದು ಅದರ ಸಣ್ಣ ತೂತುಗಳು ಮುಚ್ಚಲಿ ಎಂದು. ಅವಳಿಗೆ ಬೇಕಾದದ್ದು ಆ ತೂತುಗಳೇ. ನಾನು ಒಂದೊಂದು ಕೋಣೆಗೂ ಗಂಜಿ ತುಂಬಿ, ಎಣ್ಣೆಯ ಬಾಗಿಲು ಹಾಕಿ, ಬೀಗ ಜಡಿದಿದ್ದೇನೆ.

ಬೈಯಲಿಲ್ಲ. ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ನಾನೂ ತಿರುಗಿಸಿ ಬೈದು ಹಗುರವಾಗುತ್ತಿದ್ದೆ.

೨೮ ಜನವರಿ, ಸೋಮವಾರ

ಗಂಜಿಯೂ ಎಣ್ಣೆಯೂ ಸುಟ್ಟರೆ ಹೋಗುತ್ತವೆ, ಕೆಂಪಗೆ ಕಾಯುವ ಬೆಂಕಿ ದಿನವಿಡೀ ಬೇಕು ಎಂದಳು. ಕುಂಬಾರರ ಆವಿಗೆ ಇನ್ನು ಅಮಾವಾಸ್ಯೆ ಕಳೆದ ಮೇಲೆಯೇ. ಬೆಂಕಿ ತಾನೇ? ಮೂವತ್ತು ವರ್ಷ ಎಲೆ ಬೇಯಿಸಿದವಳು ನಾನು. ದೊಡ್ಡ ಬ್ಯಾರನ್ನಿನ ಒಲೆ ಹಚ್ಚಿಸಿದೆ. ಸೌದೆ ಬೊಮ್ಮಮ್ಮ ಒಟ್ಟಿದಳು, ಉರಿ ನಾನು ನೋಡಿದೆ. ಉಂಡೆಗಳು ಮಾಗಿದ ಹಣ್ಣಿನ ಹಾಗೆ ಕೆಂಪಗಾದವು.

೨ ಫೆಬ್ರವರಿ, ಶನಿವಾರ

ಆರಿದ ಉಂಡೆಗಳನ್ನು ಬೊಗಸೆಯಲ್ಲಿಟ್ಟುಕೊಂಡು ಒಂದೊಂದನ್ನೇ ನಾಲಿಗೆಗೆ ಒತ್ತಿ ನೋಡಿದೆ. ಅಂಟಿದ್ದು ಈ ಮೊರಕ್ಕೆ, ಅಂಟದ್ದು ಆ ಮೊರಕ್ಕೆ. ನಾಲಿಗೆ ಒಣಗಿ ಹಲಗೆಯಾಯಿತು. ನಡುನಡುವೆ ಮಜ್ಜಿಗೆ ಕುಡಿದೆ. ಅತ್ತೆಗೆ ಮಣ್ಣು ತಿನ್ನಿಸಿದ ಮೊದಲನೇ ಸೊಸೆ ನೀನು ಎಂದರೆ ಮಂಗಳ, ನಾನು ತಿನ್ನಿ ಅಂದಿಲ್ಲ, ಹತ್ತು ನೋಡಿದರೆ ಸಾಕಿತ್ತು ಎಂದಳು. ಮೊದಲೇ ಹೇಳಬಾರದಿತ್ತೇ?

ಉಳಿದರ್ಧ ಬಾಟಲಿಯನ್ನು ನೀರಿಗೆ ಹಾಕಿ ನೆನೆಸಿದೆವು. ಈ ಸಲ ಉಂಡೆಗಳು ಹಸಿರು ನೀರನ್ನು ಬಾಯಾರಿದ ಎತ್ತಿನಂತೆ ಕುಡಿದವು. ಒಂದನ್ನು ಒಡೆದರೆ ನಡುವಿನವರೆಗೂ ಹಸಿರು. ಇನ್ನು ಬಾಟಲಿ ಖಾಲಿ, ಇದು ಕೆಟ್ಟರೆ ಮುಗಿಯಿತು.

ಕೊಳವೆಗೆ ತುಂಬಿದ ಮೇಲೆ ಗೂಡಿನಾಚೆ ಚಾಚಿದ ಭಾಗ ಭಾರಕ್ಕೆ ಬಗ್ಗುತ್ತಿತ್ತು. ಕೆಳಗಿನಿಂದ ಊರೆ ಕೊಡಲು ಏನೂ ಸಿಗಲಿಲ್ಲ. ಸದ್ಯಕ್ಕೆ ಇರಲಿ ಎಂದು ಕೈಲಿದ್ದ ಕೋಲು ಕೊಟ್ಟೆ, ಸರಿಯಾಗಿ ಕೂತಿತು.

೯ ಫೆಬ್ರವರಿ, ಶನಿವಾರ

ವಾರವಿಡೀ ಬೆಂಕಿಯ ಅಭ್ಯಾಸ, ಗಾಳಿ ಬಿಡದೆ. ಹದ ಹೀಗೆ: ಕೊಳವೆಗೆ ತಾಗಿದ ಹಾಗೆ ಒಂದು ಕಬ್ಬಿಣದ ಸೌಟು. ಅದರ ಒಂದು ಮೂಲೆಯಲ್ಲಿ ಕಲಾಯಿಯವನಿಂದ ತಂದ ತವರದ ಚೂರು, ಇನ್ನೊಂದು ಮೂಲೆಯಲ್ಲಿ ಸೀಸದ ಚೂರು. ತವರ ಕರಗಿರಬೇಕು, ಸೀಸ ಕರಗಿರಬಾರದು. ಆ ಎರಡರ ನಡುವೆ ಇದ್ದರೆ ನಿಕ್ಕಲ್ ಕೆಲಸ ಮಾಡುತ್ತದೆ, ಕಡಿಮೆಯಾದರೆ ಮಲಗುತ್ತದೆ, ಹೆಚ್ಚಾದರೆ ಕೆಡುತ್ತದೆ. ಶಾಖ ಅಳೆಯುವ ಗಾಜಿನ ಕಡ್ಡಿ ಅಷ್ಟು ಬಿಸಿಗೆ ಸಿಗದೆ ಮಂಗಳ ಕಂಡುಕೊಂಡ ಉಪಾಯ ಇದು. ಏನು ತಲೆ ಅವಳದು! ಎಲೆ ಹಳದಿ ತಿರುಗುವ ಹದ, ನರ ಒಣಗುವ ಹದ ಎಲ್ಲ ನನಗೆ ಗೊತ್ತು, ಇದೊಂದು ಹೊಸ ಹದ ಕಲಿತೆ.

ಬೆಳಗ್ಗೆ ಇದ್ದಿಲು ಮುಗಿದಿತ್ತು. ಬೊಮ್ಮಮ್ಮನಿಗೆ ಜ್ವರ. ಊರಾಚೆಯ ಕಮ್ಮಾರನ ಮನೆಯವರೆಗೆ ನಾನೇ ಹೋಗಿ ಒಂದು ಕುಕ್ಕೆ ತಂದೆ. ದಾರಿಯಲ್ಲಿ ಕರಿಯಪ್ಪ ಸಿಕ್ಕಿ, ಇನ್ನು ಶಿವರಾತ್ರಿ ಹತ್ತಿರ ಬಂತು ಅತ್ತಿಗೆ ಎಂದ. ನನಗೂ ಪಂಚಾಂಗ ಓದಲು ಬರುತ್ತದೆ ಎಂದೆ.

ಪ್ರೊಫೆಸರ್ ಹದಿನೇಳನೇ ತಾರೀಕು ಬರುತ್ತಾರಂತೆ. ಅದಕ್ಕೆ ಮುಂಚೆ ನಾವೇ ಒಮ್ಮೆ ಉರಿಸಿ ನೋಡೋಣ ಎಂದೆ. ಸತು ಒಂದೇ ಸಲಕ್ಕಾಗುವಷ್ಟು ಇದೆ, ಅವರ ಮುಂದೆಯೇ ನೋಡೋಣ ಎಂದಳು ಮಂಗಳ. ಆಗದಿದ್ದರೆ? ಆಗಲಿಲ್ಲ ಅಂತಲೂ ಅವರ ಮುಂದೆಯೇ ಗೊತ್ತಾಗಲಿ. ಈ ಧೈರ್ಯ ನನಗೆ ಇಲ್ಲ.

೧೩ ಫೆಬ್ರವರಿ, ಬುಧವಾರ

ನಂಜುಂಡಸ್ವಾಮಿಗೆ ಕಾಗದ ಬರೆದೆ. ಭಾನುವಾರ ರಜೆ ಎಂದು ಮಲಗಬೇಡ, ಬಾ. ನಿನ್ನ ಹೆಂಡತಿ ಎಂಥವಳೆಂದು ನಿನಗೆ ಗೊತ್ತಿರುವ ಹಾಗೆ ಕಾಣುವುದಿಲ್ಲ.

೧೭ ಫೆಬ್ರವರಿ, ಭಾನುವಾರ

ಪ್ರೊಫೆಸರ್ ನೀಲಕಂಠಸ್ವಾಮಿ ಹನ್ನೊಂದರ ಬಸ್ಸಿಗೆ ಬಂದರು. ತೆಳ್ಳನೆಯ ಮನುಷ್ಯ, ಕೋಟು, ಮಾತು ಕಡಿಮೆ. ಕಾಫಿ ಆಮೇಲೆ ಎಂದು ನೇರ ಬ್ಯಾರನ್ನಿಗೆ ನಡೆದರು. ನಾನು ಬೆಳಗಿನಿಂದಲೇ ಗೂಡಿನ ಮುಂದೆ ಕೂತಿದ್ದೆ. ತವರ ಕರಗಿತ್ತು, ಸೀಸ ಗಟ್ಟಿಯಾಗಿತ್ತು.

ಹಚ್ಚುವ ಮೊದಲೇ ಒಂದು ವಿಘ್ನ. ಮಂಗಳ ಮಾಡಿಟ್ಟಿದ್ದ ಸುಣ್ಣದ ತಿಳಿನೀರು ಬಿರಟೆ ಸಡಿಲವಾಗಿ ಗಾಳಿ ಹೊಕ್ಕು ತಾನೇ ಬೆಳ್ಳಗಾಗಿತ್ತು. ಸೀಸೆ ಹಿಡಿದುಕೊಂಡು ನನ್ನ ಕಡೆ ತಿರುಗಿದಳು. ಸೊಂಟದ ಎಲೆಅಡಿಕೆ ಚೀಲದಿಂದ ಸುಣ್ಣದ ಡಬ್ಬಿ ತೆಗೆದು ಕೊಟ್ಟೆ. ನೀರಿಗೆ ಕಲಸಿ, ಕದಡಿದ್ದು ತಳಕ್ಕೆ ಕೂರುವವರೆಗೆ ಕಾದು, ಬಟ್ಟೆಯಲ್ಲಿ ಸೋಸಿದಳು. ತಿಳಿಯಾಗಿ ಬಂತು.

ಆಮೇಲೆ ಕೊಳವೆಯ ತುದಿಗೆ ಬೆಂಕಿ ಮುಟ್ಟಿಸಿದಳು. ಉರಿಯಿತು. ನಾನು ಈ ಸಲ ಹಿಗ್ಗಲಿಲ್ಲ. ಪ್ರೊಫೆಸರ್ ಬಾಯಿ ತೆರೆಯುವ ಮೊದಲೇ ಮಂಗಳ, ಇದು ಬರೀ ಜಲಜನಕವೂ ಇರಬಹುದು ಸರ್, ಹೋದ ಸಲ ನಾನು ಹಾಗೇ ಮೋಸ ಹೋಗಿದ್ದೆ ಎಂದಳು. ಹೋದ ಸಲ ಮೋಸ ಹೋದದ್ದು ನಾನು, ಅವಳಲ್ಲ.

ಮೊದಲು ಸುಣ್ಣದ ಕಲ್ಲಿನ ಗಾಳಿ ನಿಲ್ಲಿಸಿ, ಕೊಳವೆಯಲ್ಲಿ ಉಳಿದದ್ದೆಲ್ಲ ಹೋಗಲಿ ಎಂದು ಕಾದು, ಬರೀ ಜಲಜನಕವನ್ನೇ ಉರಿಸಿದಳು. ಅದೇ ಕೊಳವೆ, ಅದೇ ಬೆಂಕಿ. ಜಾಡಿ ಕವುಚಿ ತಿಳಿನೀರು ಹಾಕಿ ಕುಲುಕಿದಳು. ತಿಳಿಯಾಗಿಯೇ ಇತ್ತು. ಪ್ರೊಫೆಸರ್ ತಲೆಯಾಡಿಸಿದರು. ಆಮೇಲೆ ಇಂಗಾಲದ ಗಾಳಿಯನ್ನೂ ಬಿಟ್ಟಳು. ಒಂದಾಗದೆ ಉಳಿದದ್ದು ಉರಿಗೆ ಹೋಗಬಾರದೆಂದು ನಡುವೆ ಕ್ಷಾರದ ನೀರಿನ ಸೀಸೆ, ಅದರ ಮುಂದೆ ಕಾವಲಿಗೆ ತಿಳಿನೀರಿನ ಇನ್ನೊಂದು ಸೀಸೆ. ಕಾವಲಿನ ಸೀಸೆ ತಿಳಿಯಾಗಿಯೇ ಇತ್ತು. ಕದ್ದು ನುಸುಳಿದ್ದು ಏನೂ ಇಲ್ಲ. ಉರಿಗೆ ಹೊಸ ಜಾಡಿ ಕವುಚಿದಳು. ನಾನು ಸೌಟು ನೋಡುವುದು ಬಿಟ್ಟು ಅವಳ ಕೈ ನೋಡಿದೆ. ತಿಳಿನೀರು ಹಾಕಿದಳು. ಕುಲುಕಿದಳು.

ಬೆಳ್ಳಗಾಯಿತು. ಕರೆದ ಹಾಲಿನಷ್ಟು ಬೆಳ್ಳಗೆ.

ಪ್ರೊಫೆಸರ್ ಜಾಡಿಯನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. ನಂಜುಂಡಸ್ವಾಮಿ ಕನ್ನಡಕ ತೆಗೆದು ಒರೆಸುತ್ತಿದ್ದ. ಉರಿದು ಮುಗಿದ ಗಾಳಿ ಮತ್ತೆ ಉರಿದಿದೆ, ನಮ್ಮ ಕೆರೆಯ ಮಣ್ಣಿನೊಳಗೆ ಹೊಕ್ಕು ಬಂದು! ಇದನ್ನು ಮಾಡಿದವಳು ನನ್ನ ಸೊಸೆ. ಮುದ್ದೆ ಗಂಟಾದರೆ ಆಗಲಿ. ಗಂಟಿನ ಮುದ್ದೆ ಇಷ್ಟು ವರ್ಷ ಯಾರು ತಿಂದಿಲ್ಲ?

ಇಷ್ಟು ಹೊತ್ತು ಬೆಂಕಿಯ ಹದ ಕೆಡದೆ ನೋಡಿದ್ದು ಯಾರು ಎಂದು ಪ್ರೊಫೆಸರ್ ಕೇಳಿದರು. ನಮ್ಮ ಅತ್ತೆ ಸರ್, ಬೆಂಕಿ ಅವರದೇ ಎಂದಳು ಮಂಗಳ. ಅವರು ನನಗೆ ಕೈ ಮುಗಿದರು. ನಾನು ಗೂಡಿಗೆ ಇನ್ನೆರಡು ಇದ್ದಿಲು ಹಾಕಿದೆ.

ಜಾಗ ಮಂಗಳಳಿಗೆ ಎಂದು ಅಲ್ಲೇ ಹೇಳಿದರು. ಬರುವ ಸೋಮವಾರದಿಂದ ಮೈಸೂರು, ಬೆಳಗಿನ ಬಸ್ಸಿಗೆ ಹೋಗಿ ಸಂಜೆಗೆ ವಾಪಸ್ಸು. ಈ ಉಂಡೆಗಳು ಎಷ್ಟು ದಿನ ಕೆಡದೆ ದುಡಿಯುತ್ತವೆ ಎಂದು ನೋಡಬೇಕು, ಸತುವೂ ಆಮ್ಲವೂ ಕಾಲೇಜಿನಿಂದ ಬರುತ್ತವೆ, ಇಲ್ಲಿನ ಗೂಡು ಆರಬಾರದು ಎಂದರು. ಮಂಗಳ ನನ್ನ ಮುಖ ನೋಡಿದಳು. ಶಿವರಾತ್ರಿ ಬುಧವಾರ. ನಾನು ಊಟಕ್ಕೆ ಏಳಿ ಎಂದೆ.

ಸಂಜೆ ಪ್ರೊಫೆಸರರನ್ನು ಬಸ್ಸಿಗೆ ಬಿಡಲು ರಸ್ತೆಯವರೆಗೆ ಮಾತಾಡುತ್ತಾ ಹೋದೆವು. ಒಳ್ಳೆ ಮನುಷ್ಯ. ಉಪ್ಪಿನಕಾಯಿ ಕೇಳಿ ಕಟ್ಟಿಸಿಕೊಂಡು ಹೋದರು.

೨೦ ಫೆಬ್ರವರಿ, ಬುಧವಾರ, ಶಿವರಾತ್ರಿ

ಪೂಜೆ ಮುಗಿಸಿ ಕೂರುವಷ್ಟರಲ್ಲಿ ಕರಿಯಪ್ಪ ಹಣೆ ತುಂಬ ವಿಭೂತಿ ಹಚ್ಚಿಕೊಂಡು ಬೀಗದ ಕೈಗೆ ಬಂದ. ಮಂಗಳ ತಾನಾಗಿಯೇ ಒಳಗಿಂದ ಬೀಗದ ಕೈ ತಂದು ನನ್ನ ಮುಂದೆ ಇಟ್ಟು ಹೋದಳು. ಕೊಟ್ಟ ಮಾತು ಅವಳಿಗೆ ನೆನಪಿದೆ. ಕರಿಯಪ್ಪನಿಗೆ ಮಾತು ಕೊಟ್ಟವಳು ನಾನು, ನನಗೂ ನೆನಪಿದೆ.

"ಬ್ಯಾರನ್ ಕೊಡಾಕಾಗಾಕಿಲ್ಲ ಕಣಪ್ಪ" ಎಂದೆ.

"ಅಲ್ಲ ಅತ್ಗೆ, ಆ ಉರೀಲಿ ಒಂದು ಪಾವು ಅಕ್ಕಿ ಬೇಯ್ತದಾ?"

"ಒಂದು ಲೋಟ ಕಾಫಿನೂ ಕಾಯಾಕಿಲ್ಲ. ನಿಮ್ಮಣ್ಣ ಆ ಬ್ಯಾರನ್ ಕಟ್ಟಿ, ಮೊದುಲ್ನೇ ಎಲೆಯೆಲ್ಲ ಸೀದು ಇದ್ಲಾದಾಗ ನೀನು ಇಂಗೇ ಕೇಳ್ದೆ. ಈಗ ಊರ್ ತುಂಬ ಬ್ಯಾರನ್ನು. ದೊಡ್ಡ ಬ್ಯಾರನ್ನಾಗೆ ನಿನ್ನೆಲೆನೂ ಬೇಯಿಸ್ಕೊ, ಬ್ಯಾಡ ಅನ್ನಾಕಿಲ್ಲ. ಚಿಕ್ಕದು ಮಾತ್ರ ಮಂಗಳುಂದು."

ಮಾತಿಗೆ ತಪ್ಪಿದವಳು ನಾನೇ. ಶಿವನ ಎದುರಿಗೇ ತಪ್ಪಿದ್ದೇನೆ, ಅವನೇ ನೋಡಿಕೊಳ್ಳಲಿ. ಒಳಗೆ ಪಾತ್ರೆಯ ಸದ್ದು ನಿಂತಿತ್ತು. ಬಾಗಿಲ ಹಿಂದೆ ಅವಳು ಕೇಳಿಸಿಕೊಳ್ಳುತ್ತಿದ್ದಳು.

ಕರಿಯಪ್ಪ ಸ್ವಲ್ಪ ಹೊತ್ತು ಗೊಣಗಿ, ಹಣ್ಣು ತಿಂದು, ಸಮಾಧಾನವಾದ. ಅವನನ್ನು ಕಳಿಸಲು ಅಂಗಳಕ್ಕೆ ಇಳಿದು ಬೇಲಿಯವರೆಗೆ ಹೋದೆ. ಅವನು ತಿರುಗಿ ನನ್ನನ್ನೇ ಮೇಲಿಂದ ಕೆಳಗೆ ನೋಡಿದ.

"ಅತ್ಗೆ, ಕೋಲೆಲ್ಲಿ?"

ಜಗಲಿಯಲ್ಲಿ ಹುಡುಕಿದೆ, ಮಂಚದ ಕೆಳಗೆ ಹುಡುಕಿದೆ, ಎಲ್ಲಿ ಎಸೆದೆಯೇ ಎಂದು ಬೊಮ್ಮಮ್ಮನನ್ನು ಬೈದೆ. ಅವಳು ಬ್ಯಾರನ್ನಿನ ಕಡೆ ಕೈ ತೋರಿಸಿದಳು. ಹೋಗಿ ನೋಡಿದರೆ ಗೂಡಿನಾಚೆ ಕೊಳವೆಗೆ ಊರೆಯಾಗಿ ನಿಂತಿದೆ, ಹೊಗೆ ಹಿಡಿದು ಕಪ್ಪಾಗಿದೆ.

ಅಲ್ಲೇ ಇರಲಿ. ತೆಗೆದರೆ ಕೊಳವೆ ಬಗ್ಗುತ್ತದೆ, ಸೋಮವಾರದಿಂದ ಬೆಂಕಿ ನೋಡಬೇಕಾದವಳು ನಾನು.